ಹಲ್ಲು, ಮೂಳೆ, ಕಂತು: ಎಳೆಗುದುರೆಗಳ ಫ್ಯೂಚುರಿಟಿ ಬಗ್ಗೆ ಓದುಗರ ಪ್ರಶ್ನೆಗಳು

ಈ ತಿಂಗಳ ಪತ್ರಗಳಲ್ಲಿ ಅರ್ಧಕ್ಕರ್ಧ ಎಳೆಗುದುರೆಗಳದ್ದೇ ವಿಚಾರ. ಮೈಸೂರಿನಲ್ಲಿ ಸವಾರಿ ಕಲಿಸುವವರು, ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ತೋಟದಲ್ಲಿ ಮಾರ್ವಾಡಿ, ಕಾಠಿಯಾವಾಡಿ ತಳಿಯ ಕುದುರೆ ಮರಿ ಸಾಕಿಕೊಂಡವರು, ಹೊರದೇಶದಲ್ಲಿರುವ ಮಕ್ಕಳ ಮೂಲಕ ‘ಫ್ಯೂಚುರಿಟಿ’ ಎಂಬ ಮಾತು ಕೇಳಿದವರು ಎಲ್ಲರೂ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ಮಗ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾನೆ. ಸ್ನೇಹಿತರ ಜೊತೆ ಸೇರಿ ಒಂದು ಕುದುರೆ ಮರಿಯಲ್ಲಿ ಪಾಲು ತೆಗೆದುಕೊಂಡಿದ್ದಾನೆ. ಅದಕ್ಕೆ ‘ಫ್ಯೂಚುರಿಟಿ’ಯಲ್ಲಿ ಹೆಸರು ಕೊಟ್ಟಿದ್ದೇವೆ, ಇನ್ನೂ ಎರಡು ವರ್ಷ ಕಂತು ಕಟ್ಟಬೇಕು ಅನ್ನುತ್ತಾನೆ. ಇದು ಚೀಟಿ ವ್ಯವಹಾರದ ಹಾಗಿದೆಯಲ್ಲ?
— ಸಿದ್ಧಾರ್ಥನಗರ, ಮೈಸೂರು

ಉತ್ತರ: ಕಂತು ಕಟ್ಟುವ ಮಟ್ಟಿಗೆ ಚೀಟಿಯ ಹಾಗೇ. ಆದರೆ ಚೀಟಿಯಲ್ಲಿ ಕಟ್ಟಿದವರಿಗೆಲ್ಲ ಸರದಿ ಬರುತ್ತದೆ. ಇಲ್ಲಿ ಬರುವುದಿಲ್ಲ.

ಫ್ಯೂಚುರಿಟಿ ಎಂದರೆ ಒಂದೇ ವಯಸ್ಸಿನ ಎಳೆಗುದುರೆಗಳಿಗೆ ಮಾತ್ರ ನಡೆಯುವ ಸ್ಪರ್ಧೆ. ಮರಿ ಚಿಕ್ಕದಿರುವಾಗಲೇ, ಕೆಲವು ಕಡೆ ಅದು ಇನ್ನೂ ತಾಯಿಯ ಹೊಟ್ಟೆಯಲ್ಲಿರುವಾಗಲೇ, ಹೆಸರು ಕೊಡಬೇಕು. ‘ಮುಂದಿನ ಕಾಲದ್ದು’ ಎಂಬ ಅರ್ಥದ ಆ ಹೆಸರು ಬಂದದ್ದೇ ಹೀಗೆ. 1888ರಲ್ಲಿ ನ್ಯೂಯಾರ್ಕ್‌ನ ಶೀಪ್ಸ್‌ಹೆಡ್ ಬೇ ಮೈದಾನದಲ್ಲಿ ಇಂಥ ಓಟ ಶುರುವಾಯಿತು. ಆಮೇಲೆ ಬೇರೆ ಬೇರೆ ಆಟಗಳಿಗೂ ಹಬ್ಬಿತು. ನ್ಯೂ ಮೆಕ್ಸಿಕೋದ ರುಯಿಡೋಸೋ ಡೌನ್ಸ್‌ನಲ್ಲಿ 1959ರಲ್ಲಿ ಶುರುವಾದ ಆಲ್ ಅಮೆರಿಕನ್ ಫ್ಯೂಚುರಿಟಿ ‘ಕ್ವಾರ್ಟರ್’ ಎಂಬ ಅಮೆರಿಕದ ತಳಿಯ ಎರಡು ವರ್ಷದ ಕುದುರೆಗಳ ಓಟ. ದೂರ 440 ಗಜ, ಅಂದರೆ 402 ಮೀಟರು, ಅರ್ಧ ನಿಮಿಷದೊಳಗೆ ಮುಗಿದುಹೋಗುತ್ತದೆ. ದನದ ಹಿಂಡಿನಿಂದ ಒಂದನ್ನು ಬೇರ್ಪಡಿಸಿ ತಡೆದು ನಿಲ್ಲಿಸುವ ‘ಕಟಿಂಗ್’ ಆಟದ ಫ್ಯೂಚುರಿಟಿ 1962ರಲ್ಲಿ ಟೆಕ್ಸಾಸ್‌ನಲ್ಲೇ ಹುಟ್ಟಿತು. ಅದರಲ್ಲಿ ಒಂದು ಸರದಿಗೆ ಎರಡೂವರೆ ನಿಮಿಷ. ಲಗಾಮಿನ ಸೂಚನೆಗೆ ಸುತ್ತುವ, ಜಾರಿ ನಿಲ್ಲುವ ‘ರೈನಿಂಗ್’ ಆಟದ್ದು 1966ರಿಂದ ಇದೆ, ಈಗ ಒಕ್ಲಹೋಮಾ ಸಿಟಿಯಲ್ಲಿ ನಡೆಯುತ್ತದೆ. ಕಟಿಂಗ್, ರೈನಿಂಗ್ ಎರಡರಲ್ಲೂ ಮೂರು ವರ್ಷದ ಕುದುರೆಗಳಿಗೇ ಅವಕಾಶ.

ಬಹುಮಾನದ ಹಣ ಹೇಗೆ ಕೂಡುತ್ತದೆ ಎಂಬುದನ್ನು ರೂಪಾಯಿಯಲ್ಲಿ ಒಂದು ಕಲ್ಪಿತ ಲೆಕ್ಕ ಹಾಕಿ ನೋಡಿ. ಮೊದಲ ಕಂತು 5,000, ಕಟ್ಟಿದವರು 200 ಜನ: 10 ಲಕ್ಷ. ಎರಡನೆಯದು 10,000, ಉಳಿದವರು 120: 12 ಲಕ್ಷ. ಮೂರನೆಯದು 15,000, ಉಳಿದವರು 80: 12 ಲಕ್ಷ. ಕೊನೆಯದು 20,000, ಕಣಕ್ಕಿಳಿಯುವವರು 60: 12 ಲಕ್ಷ. ಒಟ್ಟು 46 ಲಕ್ಷ. ಕೊನೆತನಕ ಬಂದವರು ತಲಾ ಕಟ್ಟಿದ್ದು 50,000. 46 ಲಕ್ಷವನ್ನು 60ಕ್ಕೆ ಭಾಗಿಸಿದರೆ ತಲಾ 76,000 ದಾಟುತ್ತದೆ. ಆ ಹೆಚ್ಚಿನ 26 ಸಾವಿರ ನಡುವೆ ಬಿಟ್ಟುಹೋದ 140 ಜನರದ್ದು. ಸಂಘಟಕರು ಖರ್ಚಿಗೆಂದು ನೂರಕ್ಕೆ 20 ಹಿಡಿದುಕೊಂಡರೆ ಅದು 61,000ಕ್ಕೆ ಇಳಿಯುತ್ತದೆ. ಮೇಲಾಗಿ ಬಹುಮಾನ 60 ಜನಕ್ಕೂ ಹಂಚಿಕೆಯಾಗುವುದಿಲ್ಲ, ಮೊದಲ ಹತ್ತೋ ಹದಿನೈದೋ ಸ್ಥಾನಕ್ಕೆ ಹೋಗುತ್ತದೆ. ಹೆಚ್ಚಿನವರಿಗೆ ಬರಿಗೈ.

ಇದರ ಮೇಲೆ ತರಬೇತಿಯ ತಿಂಗಳ ಖರ್ಚು, ಲಾಳ, ವೈದ್ಯರು, ಸಾಗಾಣಿಕೆ. ಕಂತಿಗಿಂತ ಇದೇ ದೊಡ್ಡದು. ಮಗನಿಗೆ ನಿಯಮದ ಹಾಳೆ ಕಳಿಸಲು ಹೇಳಿ, ನಾಲ್ಕು ವಿಷಯ ಹುಡುಕಿ. ಕಂತಿನ ತಾರೀಕು ತಪ್ಪಿದರೆ ದಂಡ ಎಷ್ಟು, ಆಮೇಲೆ ಸೇರಬಹುದೇ? ಕುದುರೆ ಮಾರಿದರೆ ಕಟ್ಟಿದ ಹಣ ಕುದುರೆಯ ಜೊತೆ ಹೋಗುತ್ತದೆಯೇ? ಸಾಮಾನ್ಯವಾಗಿ ಹೋಗುತ್ತದೆ. ಕುದುರೆ ಸತ್ತರೆ ಅಥವಾ ಕುಂಟಿದರೆ ಬದಲಿ ಕುದುರೆ ನಿಲ್ಲಿಸಬಹುದೇ? ಸಾಮಾನ್ಯವಾಗಿ ಆಗುವುದಿಲ್ಲ. ಕೂಡಿದ ಹಣದಲ್ಲಿ ನೂರಕ್ಕೆ ಎಷ್ಟು ಬಹುಮಾನಕ್ಕೆ ಹೋಗುತ್ತದೆ ಎಂದು ಬರೆದಿದ್ದಾರೆಯೇ? ಈ ಕೊನೆಯದನ್ನು ಬರೆಯದ ಸ್ಪರ್ಧೆಗೆ ಎರಡನೇ ಕಂತು ಕಟ್ಟಬೇಡಿ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಒಂದು ಗಂಡು ಮರಿ ನೋಡಿದ್ದೇನೆ. ಮಾರುವವರು ‘ಮೂರು ತುಂಬಿದೆ, ನಾಳೆಯಿಂದಲೇ ಸವಾರಿ ಮಾಡಬಹುದು’ ಎನ್ನುತ್ತಾರೆ. ಕಾಗದ ಇಲ್ಲ. ನಮ್ಮಲ್ಲಿ ಹಳ್ಳಿಕಾರ್ ಹೋರಿಗೆ ಹಲ್ಲು ನೋಡುವ ಅಭ್ಯಾಸವಿದೆ. ಅದೇ ಲೆಕ್ಕ ಇದಕ್ಕೂ ನಡೆಯುತ್ತದೆಯೇ?
— ಗಂಜಾಂ, ಶ್ರೀರಂಗಪಟ್ಟಣ

ಉತ್ತರ: ನೋಡುವ ಕಣ್ಣು ಅದೇ, ಲೆಕ್ಕ ಬೇರೆ. ದನಕ್ಕೆ ಮುಂದಿನ ಹಲ್ಲು ಕೆಳಗೆ ಮಾತ್ರ, ಎಂಟು. ಎರಡು ಹಲ್ಲು, ನಾಲ್ಕು, ಆರು, ಆಮೇಲೆ ಬಾಯಿಗೂಡುವುದು, ಅಂದರೆ ಎಲ್ಲವೂ ಬದಲಾಗಿ ಮುಗಿಯುವುದು. ಕುದುರೆಗೆ ಮೇಲೆ ಆರು, ಕೆಳಗೆ ಆರು. ಹಾಗಾಗಿ ಕೆಳಗಿನ ಆರೂ ಬದಲಾದರೆ ಬಾಯಿಗೂಡಿದಂತೆ.

ಹಾಲುಹಲ್ಲು ಚಿಕ್ಕದು, ಬೆಳ್ಳಗಿರುತ್ತದೆ, ಒಸಡಿನ ಹತ್ತಿರ ಕತ್ತು ಹಿಸುಕಿದ ಹಾಗೆ ಸಣ್ಣಗಾಗಿರುತ್ತದೆ. ಶಾಶ್ವತ ಹಲ್ಲು ಅಗಲ, ತುಸು ಹಳದಿ, ಮುಂಭಾಗದಲ್ಲಿ ಉದ್ದನೆಯ ಗೀರು ಇರುತ್ತದೆ. ನಡುವಿನ ಜೋಡಿ ಬದಲಾಗುವುದು ಸುಮಾರು ಎರಡೂವರೆ ವರ್ಷಕ್ಕೆ, ಅದರ ಪಕ್ಕದ್ದು ಮೂರೂವರೆಗೆ, ಮೂಲೆಯದು ನಾಲ್ಕೂವರೆಗೆ. ಹುಟ್ಟಿದ ಹಲ್ಲು ಬೆಳೆದು ಎದುರಿನ ಹಲ್ಲನ್ನು ಮುಟ್ಟಿ ಸವೆಯತೊಡಗಲು ಇನ್ನೊಂದು ಆರು ತಿಂಗಳು ಬೇಕು.

ಮೂಗಿನ ಮೇಲೆ ಕೈಯಿಟ್ಟು ತುಟಿಗಳನ್ನು ಎತ್ತಿ, ಹಲ್ಲು ಕಚ್ಚಿದಂತೆಯೇ ಇರಲಿ. ಎಲ್ಲವೂ ಹಾಲುಹಲ್ಲೇ ಆದರೆ ಎರಡೂವರೆ ಆಗಿಲ್ಲ, ಮೂರರ ಮಾತೇ ಇಲ್ಲ. ನಡುವಿನ ನಾಲ್ಕು, ಅಂದರೆ ಮೇಲಿನೆರಡು ಕೆಳಗಿನೆರಡು, ಅರ್ಧ ಹುಟ್ಟಿ ನಡುವೆ ಬೆಳಕಿನ ಸಂದಿ ಕಂಡರೆ ಎರಡೂವರೆಯ ಆಸುಪಾಸು. ಆ ನಾಲ್ಕೂ ಒಂದನ್ನೊಂದು ಮುಟ್ಟಿ ಅಂಚು ಸವೆಯತೊಡಗಿದ್ದರೆ ಮೂರು ನಿಜ. ಈ ವಯಸ್ಸಿನಲ್ಲಿ ಹಲ್ಲಿನ ಲೆಕ್ಕ ಕೆಲವು ತಿಂಗಳಿಗಿಂತ ಹೆಚ್ಚು ತಪ್ಪುವುದಿಲ್ಲ. ಎತ್ತರ ನೋಡಿ ಮೋಸಹೋಗಬೇಡಿ. ಚೆನ್ನಾಗಿ ತಿಂದ ಹದಿನೆಂಟು ತಿಂಗಳ ಮರಿ ಮೂರರ ಹಾಗೆ ನಿಲ್ಲುತ್ತದೆ.

ಬಾಯಿ ತೆರೆಸಿದಾಗ ಇನ್ನೊಂದು ನೋಡಿಸಿ. ದವಡೆಹಲ್ಲಿನ ಮುಂದೆ ಕಡಲೆಕಾಳಿನಷ್ಟು ‘ತೋಳಹಲ್ಲು’ ಕೆಲವಕ್ಕೆ ಇರುತ್ತದೆ. ಕಡಿವಾಣ ಅದಕ್ಕೆ ಬಡಿದರೆ ಮರಿ ತಲೆ ಒದರುತ್ತದೆ. ‘ಹಟಮಾರಿ’ ಎಂದು ಹೊಡೆಸಿಕೊಳ್ಳುವ ಎಷ್ಟೋ ಮರಿಗಳ ಹಟ ಈ ಹಲ್ಲಿನಲ್ಲಿರುತ್ತದೆ. ಕಡಿವಾಣ ಹಾಕುವ ಮೊದಲು ವೈದ್ಯರಿಂದ ತೆಗೆಸಿ. ಗಾಯ ಮಾಗಲು ಎರಡು ವಾರ ಬಿಟ್ಟರೆ ಸಾಕು. ಧನುರ್ವಾಯು ಲಸಿಕೆ ಮೊದಲೇ ಆಗಿರಬೇಕು.

ಸ್ಪರ್ಧೆಯ ವಯಸ್ಸು ಹಲ್ಲಿನದಲ್ಲ, ಕ್ಯಾಲೆಂಡರಿನದು ಎಂಬುದನ್ನೂ ತಿಳಿದಿರಿ. ನಮ್ಮ ರೇಸಿನಲ್ಲೂ ಅಮೆರಿಕದಲ್ಲೂ ಎಲ್ಲ ಕುದುರೆಗಳಿಗೂ ಜನವರಿ 1ಕ್ಕೆ ಒಂದು ವರ್ಷ ಏರುತ್ತದೆ. ಡಿಸೆಂಬರ್ 20ಕ್ಕೆ ಹುಟ್ಟಿದ ಮರಿ ಹನ್ನೆರಡೇ ದಿನದಲ್ಲಿ ‘ಒಂದು ವರ್ಷದ್ದು’. ಜನವರಿಯ ಮರಿಗೂ ಮೇ ತಿಂಗಳ ಮರಿಗೂ ನಾಲ್ಕು ತಿಂಗಳ ಅಂತರವಿದ್ದರೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಫ್ಯೂಚುರಿಟಿಯ ಕಷ್ಟವೆಲ್ಲ ಇಲ್ಲಿಂದಲೇ ಶುರು.

ಪ್ರಶ್ನೆ: ನಮ್ಮದು ನಾಲೆ ನೀರಿನ ಜಮೀನು. ನೇಪಿಯರ್ ಹುಲ್ಲು, ಕಬ್ಬಿನ ಸೋಗೆ ಬೇಕಾದಷ್ಟಿದೆ. 14 ತಿಂಗಳ ಮರಿಗೆ ನೇಪಿಯರ್ ಹೊಟ್ಟೆ ತುಂಬ, ಜೊತೆಗೆ ದಿನಕ್ಕೆ 2 ಕೆ.ಜಿ. ಗೋಧಿ ಬೂಸಾ, ಹಸುವಿನ ಹಿಂಡಿ ಕೊಡುತ್ತಿದ್ದೇವೆ. ಮೈ ಚೆನ್ನಾಗಿದೆ. ಆದರೆ ಒಂದು ದಿನ ಮುಂಗಾಲು, ಇನ್ನೊಂದು ದಿನ ಹಿಂಗಾಲು ಕುಂಟುತ್ತದೆ. ಮುಖ ದಪ್ಪವಾದ ಹಾಗೆ ಕಾಣುತ್ತದೆ.
— ಕೊತ್ತತ್ತಿ, ಮಂಡ್ಯ

ಉತ್ತರ: ಹಸುವಿನ ಹಿಂಡಿಯನ್ನು ಇವತ್ತೇ ನಿಲ್ಲಿಸಿ. ದನದ, ಕೋಳಿಯ ಕೆಲವು ಆಹಾರಗಳಲ್ಲಿ ಮೊನೆನ್ಸಿನ್ ಎಂಬ ಔಷಧ ಬೆರೆತಿರುತ್ತದೆ. ದನಕ್ಕೆ ಅದು ಒಳ್ಳೆಯದು, ಕುದುರೆಯ ಹೃದಯಕ್ಕೆ ವಿಷ. ಸ್ವಲ್ಪವೇ ಸಾಕು, ಮದ್ದೂ ಇಲ್ಲ. ಚೀಲದ ಮೇಲೆ ಬರೆದಿಲ್ಲವೆಂದು ಧೈರ್ಯ ಮಾಡಬೇಡಿ.

ನೀವು ಹೇಳಿದ ಗುರುತು, ಕಾಲು ಬದಲಿಸಿ ಕುಂಟುವುದು ಮತ್ತು ಮುಖ ಊದುವುದು, ಸುಣ್ಣದಂಶ ಅಂದರೆ ಕ್ಯಾಲ್ಸಿಯಂ ಕಡಿಮೆಯಾದಾಗ ಕಾಣುವಂಥದು. ಕಣ್ಣಿನ ಕೆಳಗೆ, ಮೂಗಿನ ಏಣಿನ ಎರಡೂ ಪಕ್ಕ ಅಂಗೈ ಇಟ್ಟು ಸವರಿ ನೋಡಿ. ಮೂಳೆಯ ಏಣು ಸಿಗದೆ ಗುಂಡಗೆ, ದಪ್ಪಗೆ ಸಿಕ್ಕರೆ ತಡಮಾಡದೆ ಪಶುವೈದ್ಯರನ್ನು ಕರೆಸಿ. ಮೂಳೆಯಲ್ಲಿದ್ದ ಸುಣ್ಣ ರಕ್ತಕ್ಕೆ ಇಳಿದು, ಆ ಜಾಗದಲ್ಲಿ ನಾರು ತುಂಬಿಕೊಂಡಾಗ ಹೀಗೆ ಊದುತ್ತದೆ. ಇಂಥ ಮೂಳೆಯ ಮೇಲೆ ಸವಾರಿ ಕಲಿಸಹೋದರೆ ಮುರಿಯುತ್ತದೆ.

ಕಾರಣ ಎರಡು. ನೇಪಿಯರಿನಲ್ಲಿ ಆಕ್ಸಲೇಟ್ ಎಂಬ ಲವಣ ಹೆಚ್ಚು. ಅದು ಹೊಟ್ಟೆಯಲ್ಲೇ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುತ್ತದೆ, ಮೈಗೆ ಹತ್ತಗೊಡುವುದಿಲ್ಲ. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಒಡೆಯುವುದರಿಂದ ಅದೇ ಹುಲ್ಲಿನಲ್ಲಿ ಹಸು ಚೆನ್ನಾಗಿರುತ್ತದೆ. ಎರಡನೆಯದು ಬೂಸಾ. ಒಂದು ಕಿಲೋ ಬೂಸಾದಲ್ಲಿ ರಂಜಕ ಸುಮಾರು 11 ಗ್ರಾಂ, ಕ್ಯಾಲ್ಸಿಯಂ ಒಂದು ಗ್ರಾಮಿನ ಆಸುಪಾಸು. ಬೆಳೆಯುವ ಮರಿಗೆ ಬೇಕಾದದ್ದು ಇದರ ತಿರುವುಮುರುವು: ಒಂದು ಪಾಲು ರಂಜಕಕ್ಕೆ ಒಂದೂವರೆಯಿಂದ ಎರಡು ಪಾಲು ಕ್ಯಾಲ್ಸಿಯಂ.

ಹೀಗೆ ಸರಿಪಡಿಸಿ. ಮೊದಲು ತೂಕ ಅಂದಾಜು ಮಾಡಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮೂಳೆಯಿಂದ ಪೃಷ್ಠದ ತುದಿಯವರೆಗಿನ ಉದ್ದ, ಎರಡನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ. ಬೆಳೆದ ಕುದುರೆಗಾದರೆ 11,880ರಿಂದ, ವರ್ಷದ ಮರಿಗಾದರೆ 10,800ರಿಂದ ಭಾಗಿಸಿ. ಸುತ್ತಳತೆ 145, ಉದ್ದ 130 ಇದ್ದರೆ ಸುಮಾರು 253 ಕೆ.ಜಿ. ದಿನಕ್ಕೆ ತೂಕದ ನೂರಕ್ಕೆ ಎರಡೂವರೆ ಪಾಲು ಒಣಮೇವಿನ ಲೆಕ್ಕ, ಅಂದರೆ 6.3 ಕೆ.ಜಿ.

ಅದಕ್ಕೆ ಹೊಂದುವ ಒಂದು ದಿನದ ಊಟ: ಹಸಿ ಗರಿಕೆ ಹುಲ್ಲು 8 ಕೆ.ಜಿ., ಒಣಗಿಸಿದ ಕುದುರೆಮೆಂತೆ (ಲೂಸರ್ನ್) 2 ಕೆ.ಜಿ., ಜಜ್ಜಿದ ಓಟ್ಸ್ ಅಥವಾ ಬಾರ್ಲಿ ಒಂದೂವರೆ ಕೆ.ಜಿ., ರಾತ್ರಿ ನೆನೆಸಿ ಬೇಯಿಸಿದ ಹುರುಳಿ (ಒಣ ತೂಕ) 400 ಗ್ರಾಂ, ಉಪ್ಪು 25 ಗ್ರಾಂ, ಮಿಕ್ಕದ್ದು ಒಣಹುಲ್ಲು. ಕಾಳನ್ನು ಮೂರು ಹೊತ್ತಿಗೆ ಹಂಚಿ. ಕುದುರೆಮೆಂತೆಯ ಒಂದು ಕಿಲೋದಲ್ಲಿ 12 ಗ್ರಾಂ ಮೇಲ್ಪಟ್ಟು ಕ್ಯಾಲ್ಸಿಯಂ ಇರುವುದರಿಂದ ಲೆಕ್ಕ ತಾನಾಗಿ ಸರಿಹೋಗುತ್ತದೆ. ನಾಲೆ ನೀರು ಇದ್ದವರು ನಾಲ್ಕು ಗುಂಟೆಯಲ್ಲಿ ಹಾಕಿಕೊಳ್ಳಬಹುದು. ನೀರು ನಿಲ್ಲದ ಜಾಗ ಆರಿಸಿ, ನಿಂತರೆ ಬೇರು ಕೊಳೆಯುತ್ತದೆ.

ಬೂಸಾ ಬಿಡಲಾಗದಿದ್ದರೆ ಅರ್ಧ ಕಿಲೋಗೆ ಇಳಿಸಿ, ಅಷ್ಟಕ್ಕೆ 20 ಗ್ರಾಂ ಪಶು ಆಹಾರ ದರ್ಜೆಯ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಬೆರೆಸಿ. ಗೋಡೆಗೆ ಬಳಿಯುವ, ಎಲೆಅಡಿಕೆಗೆ ಹಚ್ಚುವ ಸುಣ್ಣ ಬೇಡವೇ ಬೇಡ, ಬಾಯಿ ಹೊಟ್ಟೆ ಸುಡುತ್ತದೆ. ನೇಪಿಯರ್ ಪೂರ್ತಿ ನಿಲ್ಲಿಸುವುದೇ ಒಳ್ಳೆಯದು. ಮೇವು ಬದಲಿಸುವುದನ್ನು ಮಾತ್ರ ಏಳರಿಂದ ಹತ್ತು ದಿನದಲ್ಲಿ ಸ್ವಲ್ಪಸ್ವಲ್ಪವಾಗಿ ಮಾಡಿ, ಒಮ್ಮೆಲೇ ಬದಲಿಸಿದರೆ ಹೊಟ್ಟೆಶೂಲೆ ಬರುತ್ತದೆ. ಒಣ ಸೋಗೆ ಹಾಕಬೇಡಿ. ಒರಟು ನಾರು ಕರುಳಿನಲ್ಲಿ ಕಟ್ಟಿಕೊಳ್ಳುತ್ತದೆ.

‘ಮೈ ಚೆನ್ನಾಗಿದೆ’ ಎಂದಿದ್ದೀರಿ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಯಾಡಿಸಿದರೆ ಸಿಗಬೇಕು. ಅದಕ್ಕಿಂತ ದಪ್ಪವಿದ್ದರೆ ಬೆಳೆಯುವ ಕೀಲಿಗೆ ಭಾರ. ಮಾರಾಟಕ್ಕೆ, ಪ್ರದರ್ಶನಕ್ಕೆ ಮರಿ ದುಂಡಗೆ ಕಾಣಲೆಂದು ಕಾಳು ಸುರಿಯುವುದು ಎಲ್ಲ ಕಡೆಯೂ ಇದೆ. ಮೂರನೇ ವರ್ಷ ಕಾಲು ಹಿಡಿದುಕೊಂಡಾಗ ಅದರ ಬೆಲೆ ಕುದುರೆ ಕೊಡುತ್ತದೆ. ಇದು ನಮಗೆ ಬಹಳ ನೋವು ಕೊಡುವ ವಿಷಯ.

ಪ್ರಶ್ನೆ: ಇಂಥ ಸ್ಪರ್ಧೆ ನಮ್ಮ ದೇಶದಲ್ಲಿ ಇದೆಯೇ? ನನ್ನ ಮಾರ್ವಾಡಿ ಹೆಣ್ಣು ಮರಿಯನ್ನು ಹೊರದೇಶದ ಸ್ಪರ್ಧೆಗೆ ಕಳಿಸಬಹುದೇ?
— ಪಾಂಡವಪುರ

ಉತ್ತರ: ಕಳಿಸುವ ಯೋಚನೆ ಬಿಡಿ. ದೇಶಿ ತಳಿಯ ಕುದುರೆ ಹೊರದೇಶಕ್ಕೆ ಹೋಗಲು ಕೇಂದ್ರದ ಅನುಮತಿ ಬೇಕು, ಅದು ಸುಲಭವಲ್ಲ. ಮೈಸೂರಿನ ರೇಸಿನಲ್ಲಿ ಓಡುವುದು ಭಾರತೀಯ ಸ್ಟಡ್ ಬುಕ್‌ನಲ್ಲಿ (ವಂಶಾವಳಿಯ ದಾಖಲೆ) ದಾಖಲಾದ ಥರೋಬ್ರೆಡ್ ಎಂಬ ಓಟದ ತಳಿ ಮಾತ್ರ. ಮಾರ್ವಾಡಿಗೆ ಅಲ್ಲಿ ಜಾಗವಿಲ್ಲ. ಉತ್ತರದ ಮೇಳಗಳಲ್ಲಿ ಮಾರ್ವಾಡಿ ಮರಿಗಳಿಗೆ ‘ಅದಂತ್’, ‘ದೋ ದಾಂತ್’ ಎಂದು, ಅಂದರೆ ಹಾಲುಹಲ್ಲಿನದು, ಎರಡು ಹಲ್ಲಿನದು ಎಂದು ವಿಂಗಡಿಸಿ ಅಂದ, ನಡಿಗೆ ನೋಡಿ ಬಹುಮಾನ ಕೊಡುತ್ತಾರೆ. ನಮ್ಮ ಜಾತ್ರೆಗಳಲ್ಲಿ ಹೋರಿ ನಿಲ್ಲಿಸುವ ಕ್ರಮವೇ. ನಿಮ್ಮ ಮರಿಗೆ ಅದು ಹೊಂದುತ್ತದೆ, ಬೆನ್ನ ಮೇಲೆ ಭಾರವೂ ಬೀಳುವುದಿಲ್ಲ. ಯೂರೋಪಿನಲ್ಲಿ ಡ್ರೆಸಾಜ್ (ಸವಾರನ ಸೂಚನೆಗೆ ತಕ್ಕ ಶಿಸ್ತಿನ ನಡೆ), ಜಂಪಿಂಗ್ (ಅಡೆತಡೆ ಹಾರುವುದು) ಎಳೆಗುದುರೆಗಳ ವಿಶ್ವ ಚಾಂಪಿಯನ್‌ಶಿಪ್ ಶುರುವಾಗುವುದೇ ಐದನೇ ವರ್ಷದಿಂದ: ಐದು, ಆರು, ಏಳು ಹೀಗೆ ಮೂರು ವರ್ಗ. ನಮಗೆ ಆ ಕ್ರಮ ಹೆಚ್ಚು ಒಪ್ಪಿಗೆ.

ಪ್ರಶ್ನೆ: ಸವಾರಿ ಶಾಲೆ ನಡೆಸುತ್ತೇವೆ. ರೈನಿಂಗ್ ಮಾದರಿಯಲ್ಲಿ ನಮ್ಮಲ್ಲೇ ಮೂರು ವರ್ಷದ ಕುದುರೆಗಳಿಗೆ ಸಣ್ಣ ಸ್ಪರ್ಧೆ ಇಡಬೇಕೆಂದಿದೆ. ಎರಡು ವರ್ಷದ ಮರಿಗೆ ತರಬೇತಿ ಯಾವಾಗ ಶುರು, ದಿನಕ್ಕೆ ಎಷ್ಟು? ನೆಲ ಹೇಗಿರಬೇಕು?
— ಬೋಗಾದಿ ರಸ್ತೆ, ಮೈಸೂರು

ಉತ್ತರ: ಸ್ಪರ್ಧೆಯ ತಾರೀಕಿನಿಂದ ಹಿಂದಕ್ಕೆ ಎಣಿಸಿ ಪಟ್ಟಿ ಬರೆಯುವುದು ಎಲ್ಲರೂ ಮಾಡುವ ಕೆಲಸ. ಅದರ ಪಕ್ಕದಲ್ಲಿ ಮೂಳೆಯ ಪಟ್ಟಿಯನ್ನೂ ಬರೆದುಕೊಳ್ಳಿ. ಮುಂಗಾಲಿನ ಮಂಡಿಯ ಮೇಲೆ ಮೂಳೆ ಬೆಳೆಯುವ ಮೃದು ಪಟ್ಟಿ ಮುಚ್ಚಿಕೊಳ್ಳುವುದು ಸುಮಾರು ಎರಡರಿಂದ ಎರಡೂವರೆ ವರ್ಷಕ್ಕೆ. ಬೆನ್ನೆಲುಬಿನದು ಐದು ದಾಟಿದ ಮೇಲೆ. ಸವಾರ ಕೂರುವುದು ಎಲ್ಲಕ್ಕಿಂತ ತಡವಾಗಿ ಬಲಿಯುವ ಜಾಗದ ಮೇಲೆ. ಮಂಡಿಯ ಎಕ್ಸ್‌ರೇ ಒಂದು ತೆಗೆಸಿ ವೈದ್ಯರಿಗೆ ತೋರಿಸಿದರೆ ಊಹೆಯ ಕೆಲಸವಿಲ್ಲ.

ಎರಡು ವರ್ಷಕ್ಕೆ ಮೊದಲು ನೆಲದ ಮೇಲಿನ ಪಾಠ: ಹಗ್ಗಕ್ಕೆ ಬರುವುದು, ನಾಲ್ಕೂ ಕಾಲು ಎತ್ತಿ ಕೊಡುವುದು, ಜೀನು ಹೊರುವುದು. ಸಣ್ಣ ವೃತ್ತದಲ್ಲಿ ಹಗ್ಗ ಹಿಡಿದು ಓಡಿಸುವುದನ್ನು ಹತ್ತು ನಿಮಿಷಕ್ಕೆ ಮಿತಿಗೊಳಿಸಿ, ವೃತ್ತದ ಅಗಲ 18–20 ಮೀಟರಿಗಿಂತ ಕಡಿಮೆ ಬೇಡ. ತಿರುಚುವ ಒತ್ತಡವೆಲ್ಲ ಗೊರಸಿನ ಮೇಲಿರುವ ಗೆಣ್ಣಿನ ಕೀಲಿಗೆ ಬೀಳುತ್ತದೆ.

ಮೊದಲ ಸವಾರಿ ಎರಡು ವರ್ಷ ಮೂರು ತಿಂಗಳ ಮೇಲೆ ಇರಲಿ. ವಾರಕ್ಕೆ ನಾಲ್ಕು ದಿನ, 15–20 ನಿಮಿಷ, ನಡಿಗೆ ಮತ್ತು ದುಡುಕಿ (ಟ್ರಾಟ್, ನಡಿಗೆಗೂ ನಾಗಾಲೋಟಕ್ಕೂ ನಡುವಿನ ಓಟ) ಮಾತ್ರ, ನೇರ ದಾರಿಯಲ್ಲಿ. ಎರಡು ತಿಂಗಳು ಹೀಗೆ, ಆಮೇಲೆ ಎರಡು ತಿಂಗಳು ಬಯಲಿಗೆ ಬಿಟ್ಟುಬಿಡಿ. ಮರಳಿ ಬಂದಾಗ ಮರೆತಿರುವುದಿಲ್ಲ, ಬದಲಿಗೆ ಬಲಿತಿರುತ್ತದೆ. ಭಾರದ ಲೆಕ್ಕ ಕಟ್ಟುನಿಟ್ಟು: ಸವಾರ, ಜೀನು ಎರಡೂ ಸೇರಿ ಕುದುರೆಯ ತೂಕದ ಐದನೇ ಒಂದು ಪಾಲು ಮೀರಬಾರದು. 330 ಕೆ.ಜಿ. ಮರಿಗೆ 66. ಪಾಶ್ಚಾತ್ಯ ಜೀನೇ 14 ಕೆ.ಜಿ. ಇದ್ದರೆ ಸವಾರ 52ರೊಳಗೆ. ತೂಕದವರು ಕೆಳಗೆ ನಿಂತು ಕಲಿಸಲಿ.

ಮೂರನೇ ವರ್ಷದ ಮೊದಲರ್ಧದಲ್ಲಿ ವೃತ್ತ, ಕಾಲು ಬದಲಾವಣೆ (ಓಡುತ್ತಲೇ ಮುಂದಿಡುವ ಕಾಲನ್ನು ಬದಲಿಸುವುದು). ಸುತ್ತು ಮತ್ತು ಜಾರಿ ನಿಲ್ಲುವುದು ಕೊನೆಗೆ. ರೈನಿಂಗ್‌ನಲ್ಲಿ 70 ಅಂಕದಿಂದ ಶುರು, ಪ್ರತಿ ವರಸೆಗೂ ಒಂದೂವರೆ ಅಂಕದವರೆಗೆ ಕೂಡುತ್ತಾರೆ ಅಥವಾ ಕಳೆಯುತ್ತಾರೆ. ಸುತ್ತು ನಾಲ್ಕೆಂದರೆ ನಾಲ್ಕೇ. ಎಂಟನೇ ಒಂದು ಸುತ್ತು ಹೆಚ್ಚುಕಡಿಮೆಯಾದರೆ ಅರ್ಧ ಅಂಕ, ಕಾಲು ಸುತ್ತಿಗೆ ಒಂದು ಅಂಕ ಹೋಗುತ್ತದೆ. ಅದಕ್ಕೂ ಮೀರಿದರೆ ಸೊನ್ನೆ. ಆದ್ದರಿಂದ ವೇಗಕ್ಕಿಂತ ಮೊದಲು ‘ನಿಲ್ಲು’ ಕಲಿಸಿ. ಅಭ್ಯಾಸದಲ್ಲಿ ದಿನಕ್ಕೆ ಎರಡೋ ಮೂರೋ ಜಾರು ಸಾಕು, ಅದೂ ವಾರಕ್ಕೆ ಎರಡೇ ದಿನ. ಚೆನ್ನಾಗಿ ನಿಂತ ಕೂಡಲೇ ಇಳಿದುಬಿಡಿ, ಜೀನಿನ ಪಟ್ಟಿ ಸಡಿಲಿಸಿ. ಹತ್ತನೇ ಸಲ ನಿಲ್ಲಿಸಲು ಹೋದಾಗ ಹಿಂಗಾಲಿನ ಕೀಲು ಊದುತ್ತದೆ.

ನೆಲದ ಬಗ್ಗೆ. ಮೈಸೂರಿನ ಕೆಮ್ಮಣ್ಣು ಒಣಗಿದರೆ ಇಟ್ಟಿಗೆ, ನೆನೆದರೆ ಜಾರುಬಂಡೆ. ಅಡಿಯಲ್ಲಿ ರೋಲರ್ ಹೊಡೆಸಿದ ಗಟ್ಟಿ ತಳ, ಮೇಲೆ 5ರಿಂದ 7 ಸೆಂ.ಮೀ. ಸಡಿಲ ಮರಳುಮಣ್ಣು. ತಳ ಎಲ್ಲೆಡೆ ಒಂದೇ ಮಟ್ಟದಲ್ಲಿರಬೇಕು, ಒಂದು ಕಡೆ ಗುಂಡಿಯಿದ್ದರೆ ಜಾರುತ್ತಿರುವ ಗೊರಸು ಅಲ್ಲಿ ಕಚ್ಚಿಕೊಂಡು ಸ್ನಾಯು ಹರಿಯುತ್ತದೆ. ಎಂ-ಸ್ಯಾಂಡ್ ಬಳಸುವುದಾದರೆ ತೊಳೆದದ್ದನ್ನೇ ತರಿಸಿ. ನುಣ್ಣನೆ ಪುಡಿ ಸೇರಿದ್ದು ನೀರು ಬಿದ್ದ ಮೇಲೆ ಹೆಪ್ಪುಗಟ್ಟುತ್ತದೆ. ಹೊಸ ನೆಲಕ್ಕೆ ಮೊದಲು ನೀವೇ ಇಳಿದು ಹಿಮ್ಮಡಿ ಊರಿ ಎಳೆಯಿರಿ, ಗೀರು ಎಲ್ಲೆಡೆ ಒಂದೇ ಆಳಕ್ಕೆ ಬರಬೇಕು. ಜಾರುವ ಲಾಳ ಹಿಂಗಾಲಿಗೆ ಮಾತ್ರ. ಸುಮಾರು 2.5 ಸೆಂ.ಮೀ. ಅಗಲದ ನುಣುಪು ಪಟ್ಟಿ, ಮೊಳೆಯ ತಲೆ ಲಾಳದ ಮಟ್ಟಕ್ಕೆ ಹೂತಿರಬೇಕು. ಅದನ್ನು ತೊಡಿಸಿದ ಕುದುರೆಯನ್ನು ಡಾಂಬರು ರಸ್ತೆಗೆ ತರಬೇಡಿ.

ಸದ್ದಿಗೆ ಒಗ್ಗಿಸುವುದಕ್ಕೆ ದಸರೆಯ ಕುಶಾಲತೋಪಿನ ತಾಲೀಮಿಗಿಂತ ಒಳ್ಳೆಯ ಪಾಠ ಬೇಕಿಲ್ಲ. ಆನೆ, ಕುದುರೆಗಳನ್ನು ದಸರೆಗೆ ಮೊದಲೇ ಹಲವು ಸಲ ಆ ಸದ್ದಿನ ಮುಂದೆ ನಿಲ್ಲಿಸಿ ಅಭ್ಯಾಸ ಮಾಡಿಸುತ್ತಾರೆ. ನೀವೂ ಮೈಕು, ಚಪ್ಪಾಳೆಯನ್ನು ನೂರು ಮೀಟರ್ ಆಚೆಯಿಂದ ಶುರುಮಾಡಿ. ಕುದುರೆ ಕಿವಿ ಸಡಿಲಬಿಟ್ಟು ಮೇಯತೊಡಗಿದ ಮೇಲೆ ಹತ್ತು ಮೀಟರ್ ಹತ್ತಿರ ತನ್ನಿ. ಪಕ್ಕದಲ್ಲಿ ಒಂದು ಹಳೆಯ, ಹೆದರದ ಕುದುರೆ ಇದ್ದರೆ ಅರ್ಧ ಕೆಲಸ ಮುಗಿದಂತೆ.

ಪ್ರಶ್ನೆ: ಬೇರೆ ರಾಜ್ಯದ ಮೇಳಕ್ಕೆ ಮರಿಯನ್ನು ಲಾರಿಯಲ್ಲಿ ಒಯ್ಯಬೇಕು. ಏನೇನು ನೋಡಿಕೊಳ್ಳಬೇಕು?
— ಮದ್ದೂರು

ಉತ್ತರ: ಮೊದಲು ಗ್ಲ್ಯಾಂಡರ್ಸ್ ರೋಗದ ರಕ್ತಪರೀಕ್ಷೆ. 2009ರ ಪ್ರಾಣಿ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ಬರುವ ಈ ರೋಗ ಮನುಷ್ಯರಿಗೂ ಅಂಟುತ್ತದೆ, ಖಚಿತವಾದ ಕುದುರೆಯನ್ನು ಉಳಿಸುವುದಿಲ್ಲ. ಮಾದರಿ ತಾಲ್ಲೂಕು ಪಶು ಆಸ್ಪತ್ರೆಯ ಮೂಲಕ ಹೋಗಿ ವರದಿ ಬರಲು ಸಮಯ ಹಿಡಿಯುತ್ತದೆ, ತಿಂಗಳ ಮೊದಲೇ ಕೇಳಿ. ಫ್ಲೂ, ಧನುರ್ವಾಯು ಲಸಿಕೆ ಹೊರಡುವುದಕ್ಕೆ ಎರಡು ವಾರ ಮೊದಲೇ ಮುಗಿದಿರಲಿ.

ದಾರಿಯಲ್ಲಿ ತಲೆಯನ್ನು ಎತ್ತರಕ್ಕೆ ಬಿಗಿದು ಕಟ್ಟಬೇಡಿ. ತಲೆ ಬಗ್ಗಿಸಲಾಗದೆ ಗಂಟೆಗಟ್ಟಲೆ ನಿಂತರೆ ಗಂಟಲ ಕಫ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ, ಹಗ್ಗ ಸಡಿಲಿಸಿ, ನೆಲದ ಮಟ್ಟದಲ್ಲಿ ನೀರು, ಒದ್ದೆ ಮಾಡಿದ ಹುಲ್ಲು ಇಡಿ. ಕಾಳು ಬೇಡ. ತಲುಪಿದ ಮೇಲೆ ಮೂರು ದಿನ ಬೆಳಿಗ್ಗೆ ಸಂಜೆ ಜ್ವರ ನೋಡಿ. 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಮ್ಮು ಬರುವವರೆಗೆ ಕಾಯದೆ ವೈದ್ಯರನ್ನು ಕರೆಯಿರಿ.

ಪ್ರಶ್ನೆ: ಸ್ಪರ್ಧೆಗೆ ಆರು ವಾರ ಇದೆ. ಕಂತೆಲ್ಲ ಕಟ್ಟಿಯಾಗಿದೆ. ಜೋರಾಗಿ ಓಡಿಸಿದ ಮಾರನೇ ದಿನ ಮರಿಯ ಮುಂಗಾಲಿನ ಮುಂಭಾಗ ಬಿಸಿಯಾಗಿ, ಮುಟ್ಟಿದರೆ ಕಾಲು ಎಳೆದುಕೊಳ್ಳುತ್ತದೆ. ನೋವಿನ ಇಂಜೆಕ್ಷನ್ ಕೊಡಿಸಿ ಓಡಿಸಬಹುದು ಎಂದು ಕೆಲವರು ಹೇಳುತ್ತಾರೆ.
— ಹೆಸರು, ಊರು ಬೇಡ

ಉತ್ತರ: ಓಡಿಸಬೇಡಿ.

ಮಂಡಿಗೂ ಗೆಣ್ಣಿಗೂ ನಡುವಿನ ನಳಿ ಮೂಳೆಯ ಮುಂಭಾಗದಲ್ಲಿ ಎಳೆಗುದುರೆಗಳಿಗೆ ಬರುವ ಉರಿಯೂತ ಇದು. ನಿಧಾನದ ದುಡುಕಿಯಲ್ಲಿ ಮೂಳೆಗೆ ಬೀಳುವ ಒತ್ತಡ ಬೇರೆ, ನಾಗಾಲೋಟದ್ದು ಬೇರೆ. ಜೋರು ಓಟ ಏಕಾಏಕಿ ಶುರುವಾದಾಗ ಮೂಳೆ ಆ ಒತ್ತಡಕ್ಕೆ ತಕ್ಕಂತೆ ಗಟ್ಟಿಯಾಗಲು ಸಮಯ ಸಿಗದೆ ಮೇಲ್ಪದರದಲ್ಲಿ ಸೂಕ್ಷ್ಮ ಬಿರುಕು ಬೀಳುತ್ತದೆ. ನೋವೆಂಬುದು ಕುದುರೆಗಿರುವ ಒಂದೇ ತಡೆಗೋಡೆ. ಬ್ಯೂಟ್, ಅಂದರೆ ಫಿನೈಲ್‌ಬ್ಯುಟಜೋನ್, ಕೊಟ್ಟರೆ ನೋವು ಮರೆಯಾಗುತ್ತದೆ, ಬಿರುಕು ಹಾಗೇ ಇರುತ್ತದೆ. ಆ ಕಾಲ ಮೇಲೆ ಪೂರ್ತಿ ವೇಗದಲ್ಲಿ ಓಡಿದರೆ ಬಿರುಕು ಮುರಿತವಾಗುವ ಅಪಾಯವಿದೆ. ಮೇಲಾಗಿ ಮದ್ದು ಪರೀಕ್ಷೆ ಇರುವ ಸ್ಪರ್ಧೆಯಲ್ಲಿ ಸಿಕ್ಕಿಬಿದ್ದರೆ ಬಹುಮಾನವೂ ಹೋಗುತ್ತದೆ.

ಈಗ ಮಾಡಬೇಕಾದ್ದು: ಓಟ ನಿಲ್ಲಿಸಿ, ಮೊದಲ ಮೂರು ದಿನ ಹೊತ್ತಿಗೆ 20 ನಿಮಿಷದಂತೆ ದಿನಕ್ಕೆ ಮೂರು ಹೊತ್ತು ತಣ್ಣೀರು ಬಿಡಿ. ಎಕ್ಸ್‌ರೇ ತೆಗೆಸಿ. ಮೊದಲನೆಯದರಲ್ಲಿ ಏನೂ ಕಾಣದಿದ್ದರೂ ಎರಡು ಮೂರು ವಾರದ ಮೇಲೆ ಇನ್ನೊಮ್ಮೆ ತೆಗೆಸಿ, ಸಣ್ಣ ಬಿರುಕು ತಡವಾಗಿ ತೋರುತ್ತದೆ. ಬಿರುಕಿಲ್ಲದಿದ್ದರೆ ನಾಲ್ಕರಿಂದ ಎಂಟು ವಾರ, ಇದ್ದರೆ ನಾಲ್ಕು ತಿಂಗಳು ಮೇಲ್ಪಟ್ಟು ವಿಶ್ರಾಂತಿ. ಆರು ವಾರದ ತಾರೀಕು ಇದರೊಳಗೆ ಹೊಂದುವುದಿಲ್ಲ. ಹೆಸರು ಹಿಂತೆಗೆಯಿರಿ. ಕಟ್ಟಿದ ಕಂತು ಹೋಯಿತು, ನಿಜ. ಕುದುರೆ ಇದೆ. ನಾಲ್ಕು ವರ್ಷ ಮೇಲ್ಪಟ್ಟವಕ್ಕೆ ‘ಡರ್ಬಿ’ ಹೆಸರಿನ ಸ್ಪರ್ಧೆಗಳು ರೈನಿಂಗ್, ಕಟಿಂಗ್ ಎರಡರಲ್ಲೂ ಇವೆ.

ವೈದ್ಯರು ಒಪ್ಪಿದ ಮೇಲೆ ಮತ್ತೆ ಶುರುಮಾಡುವಾಗ ಮೊದಲ ಎರಡು ವಾರ ಕೈಯಲ್ಲಿ ಹಿಡಿದು 20 ನಿಮಿಷ ನಡೆಸಿ. ಆಮೇಲಿನ ಮೂರು ವಾರ ಸವಾರನೊಂದಿಗೆ ದುಡುಕಿ. ಆರನೇ ವಾರದಿಂದ ವಾರಕ್ಕೆ ಎರಡು ದಿನ, ಕೆಲಸದ ಕೊನೆಗೆ, 100 ಮೀಟರ್ ಮಾತ್ರ ಸ್ವಲ್ಪ ಜೋರು. ಎರಡು ವಾರಕ್ಕೊಮ್ಮೆ 50 ಮೀಟರ್ ಹೆಚ್ಚಿಸಿ. ದೂರದ ನಿಧಾನ ಓಟ ಹೆಚ್ಚಿಸುವುದಕ್ಕಿಂತ ಈ ಚಿಕ್ಕ ಜೋರು ಓಟವೇ ಮೂಳೆಗೆ ಪಾಠ. ಪ್ರತಿದಿನ ಬೆಳಿಗ್ಗೆ ಜೀನು ಹಾಕುವ ಮೊದಲು ಕಾಲನ್ನು ಎತ್ತಿ, ಹೆಬ್ಬೆರಳನ್ನು ಮಂಡಿಯ ಕೆಳಗಿಟ್ಟು ಗೆಣ್ಣಿನವರೆಗೆ ಒತ್ತುತ್ತ ಇಳಿಸಿ. ಎರಡೂ ಕಾಲು ಹೋಲಿಸಿ. ಒಂದು ಬಿಸಿಯಿದ್ದರೆ, ಅಥವಾ ಎಲ್ಲಿಯಾದರೂ ಮರಿ ಕಾಲು ಸೆಳೆದುಕೊಂಡರೆ ಆ ದಿನ ಜೀನು ಗೂಟದಲ್ಲೇ ಇರಲಿ.